ಖಾಲಿ ಸಾಲಿನ ಎಲೆ

ಕಾತ್ರಜ, ಪುಣೆ
೨೪ ಆಗಸ್ಟ್ ೨೦೨೪, ಶನಿವಾರ

ಚಿ. ಸೌ. ಶರಣ್ಯಾಳಿಗೆ,

ನಿನ್ನ ಅತ್ತೆ ಲೀಲಾಕ್ಷಿಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ರೂಢಿ. ಹಾಗೆ ಬರೆದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದಂತಾಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ಆರೋಗ್ಯದ ಮಟ್ಟಿಗೆ ತೊಂದರೆಯಿಲ್ಲ. ನಿನ್ನ ಮಾವನ ಮೊಣಕಾಲು ಮಳೆಗಾಲಕ್ಕೆ ತಕ್ಕಂತೆ ನೋಯುತ್ತಿದೆ, ಆದರೂ ಬೆಳಿಗ್ಗೆ ಕ್ಯಾಂಪ್ ಪೇಟೆಗೆ ಹೋಗಿ ನಮ್ಮ ಹೋಟೆಲಿನ ಬಾಗಿಲು ತೆಗೆಯದಿದ್ದರೆ ಅವರಿಗೆ ಸಮಾಧಾನವಿಲ್ಲ.

ಕಾಗದ ತಡವಾಯಿತು, ಬೇಸರಿಸಬೇಡ. ಆಟಿ ತಿಂಗಳು ಮುಗಿದ ಮರುದಿನವೇ ಬರೆಯಬೇಕೆಂದಿದ್ದೆ. ಕೂತಾಗಲೆಲ್ಲ ಎದ್ದುಬಿಟ್ಟೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜ್ ಕಳಿಸಿದರೆ ನೀಲಿ ಗೆರೆ ಮಾತ್ರ ಬೀಳುತ್ತದೆ. ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮ ಹೋಟೆಲಿನಲ್ಲಿ ದೋಸೆ ಹಾಕುವ ಮಿಥುನ ಸೋಮವಾರ ಸ್ವಾರಗೇಟಿನಿಂದ ಬಸ್ಸು ಹಿಡಿದು ಊರಿಗೆ ಹೊರಟಿದ್ದಾನೆ. ಕಾರ್ಕಳದಲ್ಲಿ ನಿನ್ನ ತವರುಮನೆಗೆ ಬಂದು ಇದನ್ನು ನಿನ್ನ ಕೈಯಲ್ಲೇ ಕೊಡಬೇಕು, ನಿನ್ನ ಅಮ್ಮನ ಕೈಯಲ್ಲಿ ಕೊಟ್ಟರೆ ವಾಪಸು ಬರುವಾಗ ಕೆಲಸ ಇರುವುದಿಲ್ಲ ಎಂದು ಹೆದರಿಸಿ ಕಳಿಸುತ್ತಿದ್ದೇನೆ.

ನೀನು ಏಪ್ರಿಲಿನಲ್ಲಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಅತ್ತೆ, ಇವರಿಗೆ ಮಗು ಹೋದದ್ದು ಗೊತ್ತೇ ಆಗಲಿಲ್ಲ ಅನ್ನಿಸ್ತದೆ." ಎಂಟು ತಿಂಗಳು ಹೊತ್ತ ಮಗು ಉಸಿರಿಲ್ಲದೆ ಹುಟ್ಟಿತು, ನೀನು ಇನ್ನೂ ಆಸ್ಪತ್ರೆಯಲ್ಲಿ ಮಲಗಿದ್ದೆ, ನನ್ನ ಮಗ ಲತೇಶ ಲ್ಯಾಪ್‌ಟಾಪ್ ತೆಗೆದು ಆಫೀಸಿನ ಕೆಲಸಕ್ಕೆ ಕೂತಿದ್ದ. ನೋಡಿದವರೆಲ್ಲ ಕಲ್ಲು ಎಂದರು. ನಾನೂ ಒಳಗೊಳಗೇ ಹಾಗೆಯೇ ಅಂದುಕೊಂಡೆ. ಬಂದವರೆಲ್ಲ ನಿನಗೆ 'ಇನ್ನೊಂದು ಆಗ್ತದೆ ಬಿಡು' ಎಂದು ಹೇಳಿಹೋದರು. ಆ ಮಾತನ್ನು ನಾನು ಮಾತ್ರ ಒಮ್ಮೆಯೂ ಹೇಳಲಿಲ್ಲ. ನೀನು ಗಮನಿಸಿದ್ದೀಯೋ ಇಲ್ಲವೋ.

ಈ ಕಾಗದ ಆಟಿಯ ಬಡಿಸುವಿಕೆಯ ಸುದ್ದಿ ಹೇಳಲು. ಅದರಲ್ಲಿ ಅವನ ವಿಷಯವೂ ಇದೆ. ಸಾವಕಾಶ ಓದು.

ನಿನಗೆ ಗೊತ್ತಲ್ಲ, ಊರಲ್ಲಾದರೆ ಅವರವರ ಮನೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತಾರೆ. ಇಲ್ಲಿ ಫ್ಲಾಟಿನ ಹಾಲಿನಲ್ಲಿ ಒಂದು ಕುಟುಂಬದ ಹಿರಿಯರೆಲ್ಲ ಕೂರಲು ಜಾಗವೆಲ್ಲಿ? ಹಾಗಾಗಿ ನಮ್ಮ ಸಂಘದ ಕೆಲವು ಹೋಟೆಲಿನ ಮನೆಯವರು ಸೇರಿ ಕಾತ್ರಜದ ಮಂಗಲ ಕಾರ್ಯಾಲಯದ ಛತ್ರದಲ್ಲಿ ಒಟ್ಟಿಗೆ ಬಡಿಸುತ್ತೇವೆ. ಪ್ರತಿ ಎಲೆಯ ತಲೆಯಲ್ಲಿ ಹೆಸರಿನ ಚೀಟಿ ಇಡಬೇಕು, ಇಲ್ಲದಿದ್ದರೆ ಯಾರ ಎಲೆ ಯಾರದೆಂದು ತಿಳಿಯುವುದಿಲ್ಲ. ಇಷ್ಟು ವರ್ಷ ಚೀಟಿ ಬರೆಯುತ್ತಿದ್ದವರಿಗೆ ಕೈ ನಡುಗಲು ಶುರುವಾಗಿದೆ. ಈ ಸಲ ಸಂಘದವರು ಲತೇಶನ ಕೊರಳಿಗೆ ಕಟ್ಟಿದರು. ಅವನು ಕೈಯಲ್ಲಿ ಬರೆಯುವ ಗಿರಾಕಿಯೇ? "ಎಲ್ಲ ಮನೆಯವರೂ ಹೆಸರು ಟೈಪ್ ಮಾಡಿ ಕಳಿಸಲಿ, ನಾನು ಕಂಪ್ಯೂಟರಿನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಬರೀತೇನೆ, ಚೀಟಿ ತನ್ನಷ್ಟಕ್ಕೆ ಬರ್ತದೆ" ಎಂದ.

ನಮ್ಮ ಮನೆಯ ಹೆಸರುಗಳು ಹೋದ ವರ್ಷ ನೀನೇ ಟೈಪ್ ಮಾಡಿದ್ದು ನಿನ್ನ ಫೋನಿನಲ್ಲಿತ್ತು. ಕಳಿಸು ಎಂದು ನಿನಗೆ ಮೆಸೇಜ್ ಹಾಕಿದೆ. ಹೋದ ವರ್ಷ ನಾನು ಹೇಳಿ ಬರೆಸಿದ್ದು ನೆನಪಿರಬೇಕು: ಎಲ್ಲರ ಹೆಸರಾದ ಮೇಲೆ ಒಂದು ಸಾಲು ಖಾಲಿ ಬಿಡು, ಹೆಸರಿಡುವ ಮೊದಲೇ ಹೋದ ಮಗುವಿಗೆ ಅದು, ಅದರ ಕೆಳಗೆ 'ಮರೆತುಹೋದ ಹಿರಿಯರು' ಎಂದು ಬರೆ. ಹೆಸರಿಲ್ಲದ್ದಕ್ಕೆ ಹೆಸರಿಲ್ಲದ ಚೀಟಿ, ಸಣ್ಣ ಕುಡಿ ಎಲೆ, ಎಲೆಯಲ್ಲಿ ಕೋಳಿ ಸಾರು ಇಲ್ಲ, ಹಾಲು ಮತ್ತು ಬೆಲ್ಲ ಮಾತ್ರ. ನಮ್ಮ ಸಂಘದ ಮನೆಗಳಲ್ಲಿ ನಡೆದುಕೊಂಡು ಬಂದದ್ದು ಹಾಗೆ. ಆಗ ನೀನು "ಯಾವ ಮಗು ಅತ್ತೆ?" ಎಂದು ಕೇಳಿದೆ. "ಹಳೇದು" ಎಂದಿದ್ದೆ.

ಈ ವರ್ಷ ನೀನು ಒಂದು ಮಾತೂ ಇಲ್ಲದೆ ಹೆಸರುಗಳನ್ನು ಮಾತ್ರ ಕಳಿಸಿದೆ. ಅವುಗಳ ಕೆಳಗೆ, 'ಮರೆತುಹೋದ ಹಿರಿಯರ' ಮೇಲೆ, ಈ ಸಲ ಒಂದಲ್ಲ, ಎರಡು ಸಾಲು ಖಾಲಿ ಇತ್ತು. ನಾನು ಫೋನನ್ನು ಅಲ್ಲೇ ಬೋರಲು ಹಾಕಿ ಅಡುಗೆಮನೆಗೆ ಹೋದೆ. ಮೊದಲ ವರ್ಷದ ಎಲೆ ತಪ್ಪಬಾರದು, ಅದು ತಪ್ಪಿದರೆ ಮಗು ನಮ್ಮವರೊಂದಿಗೆ ಸೇರುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವಳು ನಾನು. ನೀನೂ ಹಾಗೆಯೇ ಬೆಳೆದವಳು. ಅಷ್ಟು ದೂರ ಕೂತು, ಮಾತು ಬಿಟ್ಟು, ನೀನು ಕೇಳಿಕೊಂಡದ್ದು ಆ ಒಂದು ಸಾಲನ್ನು ಮಾತ್ರ. ಲತೇಶನಿಗೆ ಅದನ್ನು ಹಾಗೆಯೇ ಕಳಿಸಿದೆ.

ಇನ್ನು ಅವನ ಸ್ಕ್ರಿಪ್ಟಿನ ಕಥೆ ಕೇಳು. ಕಪ್ಪು ಪರದೆ, ಬಿಳಿ ಅಕ್ಷರ. ಎಲ್ಲರ ಹೆಸರುಗಳನ್ನೂ ಓದಿ ಒಂದೊಂದನ್ನು ಒಂದೊಂದು ಮನೆಯಲ್ಲಿ ಕೂರಿಸುತ್ತದಂತೆ, ಅದಕ್ಕೆ ಅರೇ ಅನ್ನುತ್ತಾರಂತೆ. ನನಗೆ ಅರ್ಥವಾದದ್ದು ನಮ್ಮ ಹೋಟೆಲಿನ ಅಡುಗೆಮನೆಯ ಗೋಡೆಗೆ ಸಾಲಾಗಿ ಇಟ್ಟ ಡಬ್ಬಿಗಳ ಹಾಗೆ. ಆಮೇಲೆ ಒಂದೊಂದೇ ಡಬ್ಬಿ ತೆಗೆದು, ಹಿಂದುಮುಂದಿನ ಕಸ ಒರೆಸಿ, ಹೆಸರಿನ ಮುಂದೆ 'ದಿವಂಗತ' ಎಂದು ಸೇರಿಸಿ ಪ್ರಿಂಟರಿಗೆ ಕಳಿಸುತ್ತದೆ. ಇಷ್ಟೇ ಕೆಲಸ. ಇಷ್ಟಕ್ಕೆ ಅವನು ಮತ್ತು ಅವನ ಗೆಳೆಯ ಅಭಿಲಾಷ ಎರಡು ಸಂಜೆ ಕೂತರು.

ಮೊದಲ ಸಲ ತೆಗೆದ ಚೀಟಿ ನೋಡಿ ನಿನ್ನ ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. 'ದಿವಂಗತ ಕೊರಗಪ್ಪ' ಒಂದು ಚೀಟಿ, 'ದಿವಂಗತ ಪೂಜಾರಿ' ಇನ್ನೊಂದು ಚೀಟಿ. ಅವರ ಅಪ್ಪ ಎರಡು ತುಂಡು! ಮನೆಯ ಪ್ರತಿಯೊಬ್ಬರ ಹಿಂದೆಯೂ ಒಂದೊಂದು 'ದಿವಂಗತ ಪೂಜಾರಿ' ನಿಂತಿತ್ತು.

"ಎಂತದಾ ಇದು? ಬರೀ ಪೂಜಾರಿ ಅಂದ್ರೆ ನಾನೂ ಪೂಜಾರಿಯೇ ಅಲ್ವಾ ಮಾರಾಯ? ಈ ವರ್ಷವೇ ಕೂರಿಸ್ತೀಯಾ ನನ್ನನ್ನು?" ಎಂದರು.

ಅಭಿಲಾಷ ಮಂಡ್ಯ ಕಡೆಯ ಹುಡುಗ, ನಕ್ಕು ನಕ್ಕು ಸುಸ್ತಾದ. "ಲೋ, ಸ್ಪೇಸ್ ಸಿಕ್ಕಿದ್ ಕಡೆಯೆಲ್ಲಾ ಕಟ್ ಮಾಡ್ತಿದೆ ಕಣೋ. ಲೈನ್ ಮುಗಿದಾಗ ಮಾತ್ರ ಕಟ್ ಮಾಡು ಅಂತ ಹೇಳು ಅದಕ್ಕೆ. ಸಿಂಪಲ್ಲು" ಎಂದ. ಲತೇಶ ಒಂದು ಸಾಲು ಸೇರಿಸಿದ. ಕೊರಗಪ್ಪ ಪೂಜಾರಿಯವರು ಮತ್ತೆ ಒಂದಾದರು. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಲತೇಶ ಮಾತ್ರ ನಗಲಿಲ್ಲ. ಅವನ ಕೆನ್ನೆ ಒಳಗೆ ಹೋಗಿದೆ ಶರಣ್ಯಾ, ನೀನು ನೋಡಿದರೆ ಬೈಯುತ್ತೀಯ.

ಬಡಿಸುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಎಲ್ಲರ ಮನೆಗೂ ಚೀಟಿಯ ಕಟ್ಟು ಹೋಯಿತು. ನಾನು ಹಿತ್ತಾಳೆ ಪಾತ್ರೆ ತೊಳೆಯುತ್ತಿದ್ದೆ. ಚಿತ್ರಾಳ ಫೋನ್ ಬಂತು, ಗೊತ್ತಲ್ಲ, ಎಫ್.ಸಿ. ರೋಡಿನ ಹೋಟೆಲಿನ ಸುಖೇಶನ ಹೆಂಡತಿ. ದನಿ ಸಣ್ಣಗಾಗಿತ್ತು.

"ಲೀಲಕ್ಕಾ, ನಮ್ಮದರಲ್ಲಿ ಒಂದು ಕಡಿಮೆ ಉಂಟು."

"ಯಾರದು?"

"ಹೆಸರಿಲ್ಲದ್ದು."

ನಾನು ಒದ್ದೆ ಕೈಯಲ್ಲೇ ನಮ್ಮ ಕಟ್ಟು ಬಿಚ್ಚಿದೆ. ಹಿರಿಯರೆಲ್ಲ ಇದ್ದರು, ಅವರ ಕೆಳಗೆ ನೇರವಾಗಿ 'ಮರೆತುಹೋದ ಹಿರಿಯರು'. ನಡುವೆ ಏನೂ ಇರಲಿಲ್ಲ. ಖಾಲಿ ಚೀಟಿ ಒಂದೂ ಇರಲಿಲ್ಲ.

ಲತೇಶ ಬಾಲ್ಕನಿಯಲ್ಲಿ ಕೂತಿದ್ದ. ಹೋಗಿ ಎದುರು ನಿಂತೆ. "ಖಾಲಿ ಸಾಲು ಎಲ್ಲಿ ಹೋಯಿತು?" ಎಂದೆ.

"ಖಾಲಿ ಸಾಲಾ? ಅದು ಬರೂದಿಲ್ಲ ಅಮ್ಮ. ಒಂದರ ಹಿಂದೆ ಒಂದು ಎಂಟರ್ ಬಿದ್ರೆ ಶೆಲ್ ಅದನ್ನು ಒಂದೇ ಅಂತ ಲೆಕ್ಕ ಹಿಡೀತದೆ, ನಡುವಿನ ಖಾಲಿ ಲೈನನ್ನು ನುಂಗಿಬಿಡ್ತದೆ. ಒಳ್ಳೇದೇ ಆಯ್ತಲ್ಲ, ಜನ ಸುಮ್ಮನೆ ಎಂಟರ್ ಒತ್ತಿ ಕಳಿಸ್ತಾರೆ, ಕಸ."

ಕಸ ಎಂದ. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅವನು ಸಣ್ಣವನಿದ್ದಾಗಲೂ ನಾನು ಹಾಗೆ ಕೂಗಿರಲಿಲ್ಲ. "ನಿನ್ನ ಹೆಂಡತಿ ಕೈಯಾರೆ ಬಿಟ್ಟ ಸಾಲು ಅದು! ಆ ಕಸ ಯಾರು ಗೊತ್ತುಂಟಾ ನಿನಗೆ? ನಾಳೆ ಅದಕ್ಕೆ ಎಲೆ ಎಲ್ಲಿ ಹಾಕ್ತೀಯಾ?" ಎಂದೆ. ಪಕ್ಕದ ಮನೆಯ ಮರಾಠಿ ಅಜ್ಜಿ ಕಿಟಕಿಯಿಂದ ಇಣುಕಿ 'ಕಾಯ್ ಝಾಲಂ?', ಏನಾಯಿತು ಎಂದು ಕೇಳಿದರು.

ಆಟಿಯಲ್ಲಿ ಸಣ್ಣ ಎಲೆ ಹಾಕುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ಆದರೆ ಗಂಡಸರು ಹೊರಗೆ ಕುರ್ಚಿ ಹಾಕಿ ಕೂರುವವರು, ಎಲೆ ಹಾಕುವವರು ನಾವು. ಚೀಟಿಯಲ್ಲಿ ಆ ಖಾಲಿ ಎಲ್ಲಿಂದ ಬರುತ್ತದೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ನೀನು ಕಳಿಸಿದ ಮೆಸೇಜನ್ನು ತೆರೆದ. ಬೆರಳಿನಿಂದ ಕೆಳಗೆ ಸರಿಸಿದ. ಆ ಖಾಲಿ ಜಾಗದ ಮೇಲೆ ಬೆರಳು ನಿಂತಿತು. ಆಮೇಲೆ "ಅವಳು ಬಿಟ್ಟದ್ದಾ?" ಎಂದು ಕೇಳಿದ. ಹೌದು ಎಂದೆ.

ಲ್ಯಾಪ್‌ಟಾಪ್ ತೆಗೆದ. ನಾನು ಪಕ್ಕದಲ್ಲೇ ಕೂತೆ, ಏಳು ಎಂದರೂ ಏಳುತ್ತಿರಲಿಲ್ಲ. ಹಳೆಯದನ್ನು ಅಳಿಸಿ ಬೇರೆ ಬರೆದ. ನನಗೆ ಹೇಳುತ್ತಿದ್ದನೋ ತನಗೇ ಹೇಳಿಕೊಳ್ಳುತ್ತಿದ್ದನೋ, ಬಾಯಿ ಆಡುತ್ತಲೇ ಇತ್ತು. "ರೀಡ್‌ಅರೇ ಅಂತ ಒಂದು ಕಮಾಂಡ್ ಉಂಟು ಅಮ್ಮ, ಅದು ಸಾಲು ಹೇಗಿದೆಯೋ ಹಾಗೇ ಓದ್ತದೆ. ಖಾಲಿ ಇದ್ರೆ ಖಾಲಿ ಡಬ್ಬಿ ಇಡ್ತದೆ. ಮೊದಲೇ ಇದನ್ನು ಹಾಕಬೇಕಿತ್ತು. ಆದರೆ ಡಬ್ಬಿಯಿಂದ ತೆಗೀವಾಗ ಎರಡೂ ಬದಿಗೆ ಕೋಟ್ ಮಾರ್ಕ್ ಹಾಕಬೇಕು. ಹಾಕದಿದ್ರೆ ತುಂಬಿದ್ದು ಮಾತ್ರ ಹೊರಗೆ ಬರ್ತದೆ, ಖಾಲಿ ಡಬ್ಬಿ ಇತ್ತು ಅಂತಲೇ ಗೊತ್ತಾಗೂದಿಲ್ಲ." ಅಷ್ಟು ಹೇಳಿ ಎಂಟರ್ ಒತ್ತಿದ.

ಪ್ರಿಂಟರು ಸದ್ದು ಮಾಡಿತು. ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದರು. ಅವರಾದ ಮೇಲೆ ಒಂದು ಚೀಟಿ ಬಂತು. ಅದರಲ್ಲಿ 'ದಿವಂಗತ' ಎಂದು ಮಾತ್ರ ಇತ್ತು. ಮುಂದೆ ಬಿಳಿ.

ಎಲ್ಲದಕ್ಕೂ ಆ ಮಾತು ಸೇರಿಸು ಎಂದು ಅವನೇ ಹೇಳಿದ್ದ, ಖಾಲಿಯದಕ್ಕೂ ಅದು ಸೇರಿಸಿತ್ತು. ಹಿಂದೆಲ್ಲ ನಾವು ಬರೀ ಬಿಳಿ ಚೀಟಿ ಇಡುತ್ತಿದ್ದೆವು. ಹೀಗೆ ನೋಡಿರಲಿಲ್ಲ. ಲತೇಶ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಮ್ಮ, ಹುಟ್ಟಿದ್ದಾನೆ ಅಂತ ಎಲ್ಲೂ ಬರೀಲಿಲ್ಲ ನಾವು. ಇದನ್ನು ಮಾತ್ರ ಬರೆದೆ" ಎಂದ. ಅಷ್ಟೇ. ಆಮೇಲೆ ಅವನು ಅತ್ತ. ನನ್ನ ಮಗ ಹೇಗೆ ಅಳುತ್ತಾನೆ ಎಂದು ನನಗೆ ಮರೆತೇಹೋಗಿತ್ತು. ಸದ್ದಿಲ್ಲ, ಭುಜ ಮಾತ್ರ. ನಾನು ಬೆನ್ನ ಮೇಲೆ ಕೈಯಿಟ್ಟೆ. ಆಸ್ಪತ್ರೆಯಲ್ಲಿ ಯಾಕೆ ಅಳಲಿಲ್ಲ ಎಂದು ಕೇಳಿದೆ. "ಯಾರಾದರೂ ಒಬ್ಬರು ಸೈನ್ ಹಾಕಬೇಕಿತ್ತು ಅಮ್ಮ, ಬಿಲ್ ಕಟ್ಟಬೇಕಿತ್ತು, ಅವಳಿಗೆ ಔಷಧಿ ತರಬೇಕಿತ್ತು. ಒಮ್ಮೆ ಕೂತಿದ್ರೆ ಮತ್ತೆ ಏಳ್ತಿರಲಿಲ್ಲ" ಎಂದ. ಅವನ ಪರ ವಕಾಲತ್ತು ಮಾಡಲು ಇದನ್ನು ಬರೆಯುತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು ನೋಡಿದರೆ ಪ್ರಿಂಟರಿನಲ್ಲಿ ಇನ್ನೊಂದು ಅಂಥದೇ ಚೀಟಿ. ಮತ್ತೆ ತಪ್ಪಾಯಿತು ಎಂದು ಲ್ಯಾಪ್‌ಟಾಪಿಗೆ ಕೈ ಹಾಕಿದ. "ತಪ್ಪಲ್ಲ, ಎರಡೇ" ಎಂದೆ. "ಇನ್ನೊಂದು ಯಾರದು?" ಎಂದ. "ಹಳೇದು" ಎಂದೆ. ನಿನಗೆ ಹೇಳಿದ ಉತ್ತರವೇ. ಅವನು ಮತ್ತೆ ಕೇಳಲಿಲ್ಲ, ಉಳಿದ ಮನೆಗಳ ಚೀಟಿ ತೆಗೆದು ತಾನೇ ಗಾಡಿಯಲ್ಲಿ ಹೋಗಿ ಕೊಟ್ಟು ಬಂದ. ಚಿತ್ರಾ ಬಾಗಿಲಲ್ಲೇ ನಿಂತು ತೆಗೆದುಕೊಂಡಳಂತೆ.

ಭಾನುವಾರ ಬೆಳಿಗ್ಗೆ ಮಳೆ ಹಿಡಿದಿತ್ತು. ಕಾರ್ಯಾಲಯ ನೋಡಿಕೊಳ್ಳುವ ಶಿವಪ್ರಕಾಶ ಗದಗಿನ ಕಡೆಯವರು, ನಾನು ಕುಡಿ ಎಲೆಗಳನ್ನು ಬೇರೆಯಾಗಿ ಆರಿಸಿ ಇಡುವುದನ್ನು ಕಂಡು, "ಅಕ್ಕಾರ, ಭಾಳ ಸಣ್ಣವು ಅದಾವಲ್ರಿ, ದೊಡ್ಡವು ಇನ್ನೂ ಭಾಳ ಅದಾವ, ತರ್ಲೇನ್ರಿ?" ಎಂದರು. ಬೇಡ, ಇವು ಸಣ್ಣವರಿಗೆ ಎಂದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಆಚೆ ಹೋದರು.

ನಿನ್ನ ಮಗುವಿನ ಎಲೆಯನ್ನು ಲತೇಶನೇ ಹಾಕಿದ. ಗಂಡಸರು ಹಾಕುವುದಿಲ್ಲ ಎಂದು ಯಾರೋ ಗೊಣಗಿದರು, ನಾನು ತಿರುಗಿ ನೋಡಿದ ಮೇಲೆ ಸುಮ್ಮನಾದರು. ಎಲೆ ತೊಳೆದ, ಒರೆಸಿದ, ನನ್ನ ಅತ್ತೆಯ ಎಲೆಯ ಪಕ್ಕದಲ್ಲೇ ಹಾಸಿದ. ಅಜ್ಜಿಯ ಹತ್ತಿರ ಇದ್ದರೆ ಹೆದರುವುದಿಲ್ಲ ಎಂದ. ಹಾಲು ಸುರಿಯುವಾಗ ಸ್ವಲ್ಪ ಚೆಲ್ಲಿತು. ಬಡಿಸಿ ಆದ ಮೇಲೆ ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದೆವು. ಅವರು ಉಣ್ಣುವಷ್ಟು ಹೊತ್ತು ಹೊರಗೆ ನಿಂತಿದ್ದೆವು. ಸಾತಾರಾ ರಸ್ತೆಯ ಲಾರಿಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನಿನ್ನ ಮಗುವಿಗೆ ಎಲೆ ಬಿತ್ತು, ಶರಣ್ಯಾ. ತಪ್ಪಲಿಲ್ಲ. ಇದನ್ನು ಹೇಳಲೇ ಇಷ್ಟು ಬರೆದೆ. ಬಾ ಎಂದು ಕರೆಯುವುದಿಲ್ಲ, ಬರಬೇಡ ಎಂದೂ ಇಲ್ಲ. ನಿನ್ನ ಮೈ ಮನಸ್ಸು ಸುಧಾರಿಸಲಿ. ಮಿಥುನನ ಕೈಯಲ್ಲಿ ಇಲ್ಲಿನ ಬಾಕರವಡಿ ತಿಂಡಿ ಮತ್ತು ನಿನ್ನ ಹಸಿರು ಶಾಲು ಕಳಿಸಿದ್ದೇನೆ. ನಿನ್ನ ಅಪ್ಪ ಅಮ್ಮನಿಗೆ ನಮಸ್ಕಾರ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನೂರು ಕಾಲ ಬಾಳು ಮಗಳೇ.

ಇಂತು ನಿನ್ನ ಅತ್ತೆ,
ಲೀಲಾಕ್ಷಿ

ತಾ. ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಹಳೆಯದು ಎಂದು ನಿನಗೂ ಲತೇಶನಿಗೂ ಹೇಳಿದೆನಲ್ಲ, ಅದು ನನ್ನದು. ಲತೇಶನಿಗಿಂತ ಮೊದಲು ನನಗೊಂದು ಹೆಣ್ಣು ಮಗುವಾಗಿತ್ತು. ಬೆಳಿಗ್ಗೆ ಹುಟ್ಟಿ ಸಂಜೆಗೆ ಹೋಯಿತು. ನಿನ್ನ ಮಾವ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಹೋಟೆಲಿಗೆ ಹೋದರು. ಅವತ್ತಿನಿಂದ ಇವತ್ತಿನವರೆಗೆ ನಾವಿಬ್ಬರೂ ಆ ವಿಷಯ ಎತ್ತಿದವರಲ್ಲ. ಆ ಸಾಲನ್ನು ನಾನು ವರ್ಷವರ್ಷ ಖಾಲಿ ಬಿಡಿಸುತ್ತಿದ್ದೆ. ಅವರಿಗೆ ನೆನಪೇ ಇಲ್ಲ ಎಂದುಕೊಂಡಿದ್ದೆ. ಅವರ ಮೇಲೆ ನಾನು ಎಷ್ಟು ವಿಷ ಕಟ್ಟಿಕೊಂಡು ಬದುಕಿದೆ ಎಂದು ನಿನಗೆ ಹೇಳಿದರೆ ನಂಬಲಾರೆ.

ಆ ಭಾನುವಾರ ಎಲ್ಲರೂ ಹೊರಗೆ ಬಂದಾಗ ಕೊನೆಗೆ ಬಂದವರು ಅವರು. ಮೊಣಕಾಲು ನೋವು, ಅದಕ್ಕೆ ತಡ ಎಂದುಕೊಂಡೆ. ಬಾಗಿಲು ತೆಗೆದು ಒಳಗೆ ಹೋಗಿ ಎಲೆ ಎತ್ತುವಾಗ ನೋಡಿದೆ. ನನ್ನ ಮಗುವಿನ ಎಲೆಯ ಚೀಟಿಯಲ್ಲಿ 'ದಿವಂಗತ' ಎಂಬುದರ ಮುಂದೆ ಪೆನ್ನಿನಲ್ಲಿ ಬರೆದಿತ್ತು. ಹೋಟೆಲಿನ ಹಲಗೆಯ ಮೇಲೆ ದಿನದ ತಿಂಡಿ ಬರೆಯುವ ಅದೇ ದುಂಡು ಅಕ್ಷರ. 'ಮಂಜರಿ'.

ಅವರಲ್ಲಿ ಒಂದು ಹೆಸರಿತ್ತು, ಶರಣ್ಯಾ. ಇಷ್ಟು ವರ್ಷವೂ ಇತ್ತು. ನನಗೆ ಹೇಳಿರಲಿಲ್ಲ. ನಾನು ಅವಳನ್ನು ಮನಸ್ಸಿನಲ್ಲಿ ಶರ್ವರಿ ಎಂದು ಕರೆಯುತ್ತಿದ್ದೆ, ಅದನ್ನು ನಾನೂ ಅವರಿಗೆ ಹೇಳಿರಲಿಲ್ಲ. ಇನ್ನೂ ಹೇಳಿಲ್ಲ. ಬೆಳಿಗ್ಗೆ ಅವರ ಎದುರು ಚಹಾ ಇಡುತ್ತೇನೆ, ಬಾಯಿವರೆಗೆ ಬರುತ್ತದೆ, ಹಿಂದೆ ಹೋಗುತ್ತದೆ. ಈಗ ಹೇಳಿದರೆ ಅವರ ಮಗಳನ್ನು ಅವರಿಂದ ಕಿತ್ತುಕೊಂಡಂತಾಗುತ್ತದೇನೋ ಎಂಬ ಭಯ.

ಲತೇಶನ ಹತ್ತಿರವೂ ಒಂದು ಹೆಸರಿದೆ. ಕೇಳಿದೆ, ಹೇಳಲಿಲ್ಲ. ಮೊದಲು ಶರಣ್ಯಾಳಿಗೆ ಹೇಳಬೇಕು ಎಂದ. ನಿನ್ನಲ್ಲಿರುವ ಹೆಸರು ಬೇರೆಯೇ ಇರಬಹುದು. ಇರಲಿ. ಅವನ ಫೋನ್ ಬಂದರೆ ಎತ್ತು.